ಮೂರು ಕಾಲೇಜು, ಒಂದು ಮೀಸೆ

ಮಗು ಹುಟ್ಟಿದಾಗ ಆಸ್ಪತ್ರೆಯವರು ಏನೇನೋ ಬರೆಸಿಕೊಳ್ಳುತ್ತಾರಲ್ಲ, ಅದರಲ್ಲೇ ‘ಮುಂದೆ ಓದುವ ವಿಷಯ’ ಎಂದು ಒಂದು ಕಲಂ ಇದ್ದಿದ್ದರೆ ನನಗೆ ಈ ಗತಿ ಬರುತ್ತಿರಲಿಲ್ಲ.

ನಮ್ಮದು ಮೂರೇ ಜನರ ಸಂಸಾರ. ನಾನು ಎರಡು ಕುರ್ಚಿಯ ಸಲೂನ್ ಇಟ್ಟುಕೊಂಡವನು. ಹೆಂಡತಿ ಗ್ರಂಥಾಲಯದಲ್ಲಿ ಯಾವ ಪುಸ್ತಕ ಯಾವ ಕಪಾಟಿಗೆ ಎಂದು ನಂಬರ್ ಅಂಟಿಸುವವಳು. (ನನಗೂ ಒಂದು ನಂಬರ್ ಅಂಟಿಸಿದ್ದಾಳೆ. ಕೊನೆಯ ಕಪಾಟು, ಕೆಳಗಿನ ಸಾಲು.) ಮಗಳು ಶಾಲೆಯ ಕೊನೆಯ ಪರೀಕ್ಷೆಯಲ್ಲಿ ಎಲ್ಲ ವಿಷಯಗಳಲ್ಲೂ ಒಂದೇ ಸಮ ಅಂಕ ತೆಗೆದು ನಮ್ಮನ್ನು ಪೇಚಿಗೆ ಸಿಕ್ಕಿಸಿದವಳು. ಒಂದೆರಡರಲ್ಲಾದರೂ ಫೇಲಾಗಿದ್ದರೆ ಅಷ್ಟರಮಟ್ಟಿಗೆ ತಲೆನೋವು ಕಡಿಮೆಯಾಗುತ್ತಿತ್ತು.

ಅರ್ಜಿ ಹಾಕಲು ಹತ್ತು ದಿನ ಉಳಿದಿತ್ತು. ಮೂರು ಕಾಲೇಜುಗಳ ಹೆಸರು ಬರೆಯಬಹುದು, ಮೂರೇ. ಪಕ್ಕದಲ್ಲಿ ‘ಮುಖ್ಯ ವಿಷಯ’.

“ಏನು ಓದ್ತೀಯೇ?” ಎಂದಳು ಹೆಂಡತಿ.

“ಗೊತ್ತಿಲ್ಲಮ್ಮ. ಎಲ್ಲಾನೂ ಇಷ್ಟ.”

“ಎಲ್ಲಾನೂ ಅಂದ್ರೆ? ಒಂದು ಪುಸ್ತಕಾನ ಒಂದೇ ಕಪಾಟಲ್ಲಿ ಇಡೋಕಾಗೋದು!”

“ನಾನೇನು ಪುಸ್ತಕಾನಾ?”

“ಪುಸ್ತಕ ಆಗಿದ್ರೆ ಎದುರುತ್ತರ ಕೊಡ್ತಿರ್ಲಿಲ್ಲ. ರೀ, ನೀವೂ ಏನಾದ್ರೂ ಹೇಳಿ!”

ಆಗಲೇ ನನಗೊಂದು ದಿವ್ಯ ಜ್ಞಾನೋದಯವಾಯಿತು. ಊರಿನ ಸಕಲ ವಿದ್ಯಾವಂತರೂ ತಿಂಗಳಿಗೊಮ್ಮೆ ನನ್ನ ಮುಂದೆ ತಲೆ ತಗ್ಗಿಸಿ ಕೂರುತ್ತಾರೆ. ಕತ್ತಿಗೆ ಬಟ್ಟೆ ಬಿಗಿದ ಮೇಲೆ ಎದ್ದು ಹೋಗುವಂತಿಲ್ಲ. ಇವರನ್ನೇ ಕೇಳಿದರೆ ಆಯಿತಲ್ಲ!

ಮರುದಿನದಿಂದಲೇ ವಿಚಾರಣೆ ಶುರು ಮಾಡಿದೆ. ಭೂಗರ್ಭಶಾಸ್ತ್ರ ಓದಿದವರು ಪರದೆ ಬಟ್ಟೆ ಮಾರುತ್ತಿದ್ದರು. “ಕಲ್ಲು ಮಣ್ಣು ಬೇಡ ಮಾರಾಯ” ಎಂದರು. ಕಾನೂನು ಓದಿ ಬೇಕರಿ ಇಟ್ಟವರು “ಅದೊಂದು ಬಿಟ್ಟು ಏನಾದ್ರೂ ಓದ್ಲಿ” ಎಂದರು. ಲೆಕ್ಕ ಓದಿದವರು ಇತಿಹಾಸ ಓದಬೇಕಿತ್ತು ಎಂದು ಕೊರಗಿದರು, ಇತಿಹಾಸದವರು ಲೆಕ್ಕ ಎಂದು ನಿಟ್ಟುಸಿರು ಬಿಟ್ಟರು. ಹಲ್ಲಿನ ಡಾಕ್ಟರು ಮಾತ್ರ ಬಾಯಿಯೇ ಬಿಡಲಿಲ್ಲ. ವಾರ ಮುಗಿಯುವಷ್ಟರಲ್ಲಿ ಲೋಕದಲ್ಲಿರುವ ವಿಷಯಗಳೆಲ್ಲ ಪಟ್ಟಿಯಿಂದ ಅಳಿಸಿಹೋಗಿ, ಮಗಳಿಗೆ ಓದಲು ಏನೂ ಉಳಿಯಲಿಲ್ಲ.

ಅರ್ಜಿಗೆ ಎರಡು ದಿನ ಇದೆ ಎನ್ನುವಾಗ ಹೊಸಬರೊಬ್ಬರು ಬಂದು ಕುರ್ಚಿಯಲ್ಲಿ ಕುಳಿತರು. ಗಂಭೀರ ಮನುಷ್ಯ. ಮುಖಕ್ಕಿಂತ ಒಂದು ಹೆಜ್ಜೆ ಮುಂದೆಯೇ ಇರುವ ಘನಗಾತ್ರದ ಮೀಸೆ.

“ತುದಿ ಮಾತ್ರ ಸ್ವಲ್ಪ ಸರಿ ಮಾಡಿ” ಎಂದು ಕಣ್ಣು ಮುಚ್ಚಿದರು.

“ತಾವು ಏನು ಮಾಡ್ಕೊಂಡಿದ್ದೀರಿ ಸರ್?”

“ಪಾಠ ಹೇಳೋ ಕೆಲಸ.”

ಬಿಡುತ್ತೇನೆಯೇ? ಮನೆಯ ರಾಮಾಯಣವನ್ನೆಲ್ಲ ಒಪ್ಪಿಸಿದೆ. ಅವರು ಕಣ್ಣು ಮುಚ್ಚಿಕೊಂಡೇ ಹೇಳಿದರು: “ಗೊತ್ತಿಲ್ಲ ಅನ್ನೋ ಮಗೂಗೆ ವಿಷಯ ಹುಡುಕ್ಬೇಡಿ, ಕಾಲೇಜು ಹುಡುಕಿ. ಮೊದಲ ವರ್ಷ ಎಲ್ಲಾನೂ ಓದಿಸಿ, ಎರಡನೇ ವರ್ಷ ಆರಿಸ್ಕೊಳ್ಳೋಕೆ ಬಿಡೋ ಕಾಲೇಜುಗಳು ಮೂರಿವೆ.”

ಇಷ್ಟು ದಿನದಲ್ಲಿ ಇಂಥ ಮಾತನ್ನು ಯಾರೂ ಆಡಿರಲಿಲ್ಲ! ಅವರು ಮೊದಲ ಕಾಲೇಜಿನ ಹೆಸರು ಹೇಳಿದರು. ಖುಷಿಯಲ್ಲಿ ನನ್ನ ಕತ್ತರಿ ಎಡಗಡೆ ಒಂದಿಷ್ಟು ಒಳಗೆ ಹೋಯಿತು. ಎರಡನೆಯ ಹೆಸರಿಗೆ ಬಲಗಡೆಯನ್ನು ಎಡಕ್ಕೆ ಸಮ ಮಾಡಹೋದೆ. ಹಾಸ್ಟೆಲ್ ಇದೆಯೇ ಎಂದು ಕೇಳುವಷ್ಟರಲ್ಲಿ ಎಡ ಮತ್ತೆ ದಪ್ಪ ಕಂಡಿತು. ಮೂರನೆಯ ಕಾಲೇಜಿಗೆ ಬರುವಾಗ ಮೂಗಿನ ಕೆಳಗೆ ಉಳಿದದ್ದು ನೊಣದಷ್ಟು. ಅದನ್ನು ಹಾಗೇ ಬಿಟ್ಟರೆ ಇನ್ನೂ ಅವಮಾನವೆಂದು ಧೈರ್ಯ ಮಾಡಿ ಕತ್ತಿ ಆಡಿಸಿಬಿಟ್ಟೆ.

ಅವರು ಕಣ್ಣು ಬಿಟ್ಟು ಕನ್ನಡಿ ನೋಡಿದರು. ಬಹಳ ಹೊತ್ತು ನೋಡಿದರು. “ಇಪ್ಪತ್ತೆರಡು ವರ್ಷ” ಎಂದಷ್ಟೇ ಹೇಳಿ, ಟೋಪಿ ಹಾಕಿಕೊಂಡು ಹೊರಟುಹೋದರು. ಬೈದಿದ್ದರೆ ಎಷ್ಟೋ ಹಾಯಾಗಿರುತ್ತಿತ್ತು.

ಮನೆಯಲ್ಲಿ ಹೇಳಿದೆ. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೆಂಡತಿ ನಗಲಿಲ್ಲ. “ನಿಮ್ಮ ಬಾಯಿ ನಡೆಯೋವಾಗ ಕೈ ಕಟ್ಕೊಂಡಿರಿ ಅಂತ ಎಷ್ಟು ಸಲ ಹೇಳಿದ್ದೀನಿ?” ಎಂದಳು. ಆದರೂ ಅದೇ ಮೂರು ಕಾಲೇಜುಗಳಿಗೆ ಅರ್ಜಿ ಹೋಯಿತು. ಮುಖ್ಯ ವಿಷಯದ ಎದುರು ಮಗಳು ‘ಇನ್ನೂ ತೀರ್ಮಾನಿಸಿಲ್ಲ’ ಎಂದು ಬರೆಯುವಾಗ ಹೆಂಡತಿ ಮುಖ ಆಚೆ ತಿರುಗಿಸಿಕೊಂಡಳು.

ಎರಡು ಕಾಲೇಜಿನವರು ಸೀಟು ತುಂಬಿದೆ ಎಂದರು. ಉಳಿದ ಒಂದರಿಂದ ಸಂದರ್ಶನಕ್ಕೆ ಕರೆ ಬಂತು. ಇಲ್ಲೂ ತಪ್ಪಿದರೆ ಒಂದು ವರ್ಷ ಮನೆಯಲ್ಲೇ. ಮಗಳು ಒಳಗೆ ಹೋದಳು, ನಾವಿಬ್ಬರೂ ಹೊರಗಿನ ಬೆಂಚಿನ ಮೇಲೆ ಕುಳಿತೆವು. ಬಾಗಿಲು ಅರ್ಧ ತೆರೆದಿತ್ತು. ಸುಮ್ಮನೆ ಇಣುಕಿದೆ, ಎದೆ ಝಲ್ಲೆಂದಿತು. ಪ್ರಾಂಶುಪಾಲರ ಕುರ್ಚಿಯಲ್ಲಿದ್ದವರ ಮೇಲ್ದುಟಿ ಮಾತ್ರ ಮುಖದ ಉಳಿದ ಭಾಗಕ್ಕಿಂತ ಬೆಳ್ಳಗಿತ್ತು. ನನ್ನ ಕೈಕೆಲಸ ನನಗೆ ಗೊತ್ತಾಗುವುದಿಲ್ಲವೇ?

“ಯಾಕ್ರೀ ಬೆವರ್ತಿದ್ದೀರಿ?”

“ಅವರೇ ಕಣೇ.”

“ಯಾರು?”

“ಮೀಸೆ!”

ಹೆಂಡತಿ ಹಣೆ ಹಣೆ ಚಚ್ಚಿಕೊಂಡಳು. ಒಳಗೆ ಅವರು ಮಗಳನ್ನು ಕೇಳುತ್ತಿದ್ದರು: “ಯಾಕಮ್ಮ, ಇಷ್ಟು ಚೆನ್ನಾಗಿ ಓದೋಳು ಒಂದು ವಿಷಯ ತೀರ್ಮಾನ ಮಾಡೋಕಾಗ್ಲಿಲ್ವಾ?”

“ಸರ್, ಒಂದು ಕಥೆ ಹೇಳ್ಲಾ? ನಮ್ಮಪ್ಪನಿಗೆ ಸಲೂನ್ ಇದೆ...”

ನೆಲ ಬಾಯಿಬಿಡಬಾರದೇ ಎನ್ನಿಸಿತು. ಪುಣ್ಯಾತ್ಗಿತ್ತಿ ಒಂದನ್ನೂ ಬಿಡಲಿಲ್ಲ. ಎಡ, ಬಲ, ಹಾಸ್ಟೆಲ್, ನೊಣ, ಎಲ್ಲವನ್ನೂ ಬೆರಳಿನ ಕತ್ತರಿ ಆಡಿಸಿ ತೋರಿಸಿದಳು. ಪಕ್ಕದಲ್ಲಿದ್ದ ಮೇಡಂ ಕಡತವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು. ಅವರ ಭುಜ ಅಲುಗುತ್ತಿತ್ತು.

“ಆಮೇಲೆ ಆ ಮನುಷ್ಯ?” ಎಂದರು ಪ್ರಾಂಶುಪಾಲರು, ಬಹಳ ನಿಧಾನವಾಗಿ.

“ಏನೂ ಅನ್ಲಿಲ್ವಂತೆ ಸರ್. ಪಾಪ, ತುಂಬ ಒಳ್ಳೆಯವರಿರ್ಬೇಕು. ಹೋಗ್ಲಿ, ಮೀಸೆ ಮತ್ತೆ ಬೆಳೆಯುತ್ತೆ. ನಾನು ಅಪ್ಪನ ಹಾಗೆ ಅವಸರದಲ್ಲಿ ಕತ್ತರಿ ಹಾಕಿದ್ರೆ ಕಳೆದ ವರ್ಷಗಳು ಬೆಳೆಯಲ್ವಲ್ಲ. ಅಪ್ಪನನ್ನ ಹದಿನೈದಕ್ಕೇ ಅಂಗಡೀಲಿ ನಿಲ್ಲಿಸಿಬಿಟ್ರು. ಏನಾಗ್ತೀಯ ಅಂತ ಅವರನ್ನ ಯಾರೂ ಕೇಳ್ಲೇ ಇಲ್ಲ. ನನ್ನನ್ನ ಕೇಳ್ತಿದ್ದಾರೆ. ಅದಕ್ಕೇ ಸರಿಯಾಗಿ ಯೋಚಿಸಿ ಹೇಳೋಣ ಅಂತ.”

ಇದನ್ನೆಲ್ಲ ಇವಳು ಯಾವಾಗ ಗಮನಿಸಿದಳೋ! ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದಳು, ಮದುವೆಯಾದ ಮೇಲೆ ಎರಡನೆಯ ಸಲ.

ಒಳಗಿನಿಂದ “ಹೋಗಿ ಬಾಮ್ಮ” ಎಂಬ ಮಾತು ಕೇಳಿಸಿತು. ಅವರು ಹೊರಗೆ ಬರುವ ಮೊದಲೇ ನಾನು ಗೇಟು ದಾಟಿದ್ದೆ.

ವಾರದ ನಂತರ ಪತ್ರ ಬಂತು. ಸೀಟು ಸಿಕ್ಕಿತ್ತು! ವಿಷಯ ಆರಿಸಿಕೊಳ್ಳಲು ಒಂದು ವರ್ಷದ ಕಾಲಾವಕಾಶವೂ ಇತ್ತು. ಮಗಳು ಕುಣಿದಳು. ‘ಆ ಕಾಲೇಜು ಹುಡುಕಿದ್ದು ಯಾರು?’ ಎಂದು ನಾನು ಎದೆಯುಬ್ಬಿಸಿ ಕೇಳುವವನಿದ್ದೆ. ಅಷ್ಟರಲ್ಲಿ ಹೆಂಡತಿ ಪತ್ರದ ಕೆಳಗೆ ಹಸಿರು ಶಾಯಿಯಲ್ಲಿ ಪ್ರಾಂಶುಪಾಲರು ಕೈಯಾರೆ ಬರೆದಿದ್ದ ಸಾಲನ್ನು ಗಟ್ಟಿಯಾಗಿ ಓದಿದಳು:

“ಪೋಷಕರ ಸಭೆಗಳಿಗೆ ತಾಯಿಯವರು ಬಂದರೆ ಸಾಕು.”