ಅರ್ಧ ಹೊಟ್ಟೆಯ ಅಡುಗೆಯವ

ಹೊಟ್ಟೆ ಕೊಯ್ಸಿಕೊಂಡ ನೋವು ಒಂದು ತಿಂಗಳಿಗೆ ಹೋಯಿತು. ಜನರ ಕಾಟ ಮಾತ್ರ ಇವತ್ತಿಗೂ ನಿಂತಿಲ್ಲ. ಹೊಸ ಮೈಸೂರು ರಾಜ್ಯವಾಗಿ ಎರಡೋ ಮೂರೋ ವರ್ಷವಾಗಿತ್ತು. ಶಿಕಾರಿಪುರದಲ್ಲಿ ನನ್ನ ಮನೆ, ಸುತ್ತಲ ಮದುವೆಗಳಿಗೆ ಅಡುಗೆ ಮಾಡುವುದು ಕಸುಬು. ಹೊಟ್ಟೆಯಲ್ಲಿ ಹುಣ್ಣಾಗಿ, ದೊಡ್ಡಾಸ್ಪತ್ರೆಯಲ್ಲಿ ಜಠರದ ಅರ್ಧ ತೆಗೆದರು. “ಮೊದಲು ಗಂಜಿ, ಆಮೇಲೆ ಮಜ್ಜಿಗೆ ಅನ್ನ, ಆಮೇಲೆ ನಿಧಾನಕ್ಕೆ ಎಲ್ಲ ಉಣ್ಣಿ. ಒಂದೊಂದೇ ಹಿಡಿ, ದಿನಕ್ಕೆ ಆರು ಸಲ. ನುಣ್ಣಗೆ ಅಗಿಯದೆ ನುಂಗಬೇಡಿ” ಅಂದರು ಡಾಕ್ಟರು. ನಾನೇನೋ ಒಪ್ಪಿದೆ. ಊರು ಒಪ್ಪಬೇಕಲ್ಲ!

ತೆಗೆದ ಅರ್ಧ ಎಲ್ಲಿ?

ನೋಡಲು ಬಂದವರೆಲ್ಲ ನನಗೆಂದು ಉಂಡೆ, ಚಕ್ಕುಲಿ ತಂದರು. ನಾನು ಗಂಜಿ ಗುಟುಕರಿಸುತ್ತಿದ್ದರೆ, ಎದುರಿಗೇ ಕೂತು ತಾವೇ ತಿಂದು, “ಪಾಪ, ತಿನ್ನೋ ಯೋಗ ಇಲ್ಲ” ಅಂತ ಕೈ ಒರೆಸಿಕೊಂಡು ಎದ್ದು ಹೋದರು. ಇದನ್ನಾದರೂ ಸಹಿಸಿಕೊಂಡೆ. ಪಕ್ಕದ ಮನೆ ಅಜ್ಜಿ ಬಂದು, “ಎಷ್ಟು ತೆಗೆದ್ರಪ್ಪಾ?” ಅಂದಳು.

“ಅರ್ಧ, ಅಜ್ಜಿ.”

“ಆ ಅರ್ಧ ಏನ್ಮಾಡಿದ್ರು?”

“ಬಿಸಾಕಿರಬೇಕು.”

“ಅಯ್ಯೋ ಪೆದ್ದೇ! ಕೇಳಿ ಇಸ್ಕೊಂಡು ಬರೋದಲ್ವಾ? ನಮ್ಮ ಸಾಮಾನು ಅವರಿಗ್ಯಾಕೆ ಬಿಡ್ಬೇಕು?”

ದಪ್ಪಗಿದ್ದೋರು ಬೇಕು

ನಾಲ್ಕು ತಿಂಗಳು ಕೆಲಸವಿಲ್ಲದೆ ಕೂತಿದ್ದೆ. ಇನ್ನೂ ಕೂತರೆ ಜನ ಬೇರೆ ಅಡುಗೆಯವರನ್ನು ಹಿಡಿದುಬಿಡುತ್ತಾರೆ ಎಂಬ ಭಯ ಹತ್ತಿತ್ತು. ಅಷ್ಟರಲ್ಲಿ ಸೊರಬದ ಯಜಮಾನರೊಬ್ಬರು ಬಂದರು. ಅವರ ದೊಡ್ಡ ಮಗಳ ಮದುವೆಗೆ ಅಡುಗೆ ಮಾಡಿದವನು ನಾನೇ.

“ಅಡುಗೆಯೋರು ಇದಾರೇನ್ರೀ?”

“ನಾನೇ, ಬರ್ರಿ.”

“ನೀವಲ್ರೀ, ದಪ್ಪಗಿದ್ದೋರು.”

“ಆ ದಪ್ಪಗಿದ್ದೋನೂ ನಾನೇ!”

ನನ್ನ ಮಾತು ನಂಬದೆ ಒಳಗಿದ್ದ ನನ್ನ ಹೆಂಡತಿಯನ್ನು ಕೇಳಿದರು, “ಹೌದೇನಮ್ಮಾ?” ಅವಳು ಹೌದೆಂದ ಮೇಲೆಯೇ ಜಗಲಿ ಹತ್ತಿದ್ದು. ಎರಡನೇ ಮಗಳ ಮದುವೆಯ ಅಡುಗೆಗೆ ವೀಳ್ಯ ಕೊಟ್ಟು ಹೊರಡುವಾಗ ತಗ್ಗಿದ ದನಿಯಲ್ಲಿ ಹೇಳಿದರು: “ಬೀಗರ ಕಣ್ಣಿಗೆ ಮಾತ್ರ ಬೀಳ್ಬೇಡ್ರಿ. ನಿಮ್ಮನ್ನ ನೋಡಿದ್ರೆ ನಮ್ಮನೇಲಿ ಉಣ್ಣೋಕಿಲ್ಲ ಅಂದ್ಕೊಂಡಾರು.”

ಮದುವೆಯ ದಿನ

ಕಣ್ಣಿಗೆ ಬೀಳದೇ ಇರುವುದು ಹೇಗೆ? ಒಲೆಯ ಮರೆಯಲ್ಲಿ ಎರಡು ಗಂಟೆಗೊಮ್ಮೆ ಒಂದು ಹಿಡಿ ಮಜ್ಜಿಗೆ ಅನ್ನ ಉಣ್ಣುತ್ತಿದ್ದೆ. ಗಂಡಿನ ಸೋದರತ್ತೆ ನೋಡಿಬಿಟ್ಟಳು. ಗಂಡಿನ ದೊಡ್ಡಪ್ಪ ದಡದಡ ಒಳಗೆ ಬಂದ.

“ಬೆಳಗಿಂದ ಮೂರು ಸಲ ಉಂಡ್ರಂತೆ! ನಮಗೇನಾದ್ರೂ ಉಳಿಸ್ತೀರೇನ್ರೀ?”

ಆಪರೇಷನ್ ಆಗಿದೆ, ಒಂದೇ ಸಲ ಎಲೆ ತುಂಬ ಉಣ್ಣೋಕಾಗಲ್ಲ ಅಂದೆ. ಅಷ್ಟಕ್ಕೇ ಅವನು ಹೊರಗೆ ತಿರುಗಿ, “ಕೇಳಿದ್ರೇನ್ರೀ? ತಾನು ಮಾಡಿದ್ದು ತಾನೇ ಉಣ್ಣಲ್ಲ ಅಂತಾನೆ! ಅದರಲ್ಲಿ ಏನು ಹಾಕಿದಾನೋ!” ಅಂತ ಕೂಗಿದ. ನನಗೆ ಮೈಯೆಲ್ಲ ಉರಿಯಿತು. ಎಲ್ಲ ತಿಂದು ಮುಗಿಸಿದವನೂ ನಾನೇ, ಏನೂ ಮುಟ್ಟದವನೂ ನಾನೇ!

ಕೊನೆಗೆ ಮೊದಲು ನಾನು ಉಣ್ಣಬೇಕು, ಆಮೇಲೆ ಬಡಿಸಬೇಕು ಅಂತ ತೀರ್ಮಾನವಾಯಿತು. ಇಡೀ ಪಂಕ್ತಿ ಖಾಲಿ ಎಲೆ ಮುಂದಿಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು. ಆಪರೇಷನ್ ಆದ ಮೇಲೆ ನಾನು ಸಾರು ಅನ್ನ ಬಾಯಿಗಿಡುತ್ತಿದ್ದದ್ದು ಅದೇ ಮೊದಲು. ಹೋಳಿಗೆ ಸಾರಿನ ಆ ರುಚಿಗೆ ಕಣ್ಣಲ್ಲಿ ನೀರು ಬಂತು. ಕಣ್ಣು ಮುಚ್ಚಿ, ಡಾಕ್ಟರು ಹೇಳಿದಂತೆ ಅಗಿದೆ, ಅಗಿದೆ, ಅಗಿಯುತ್ತಲೇ ಇದ್ದೆ.

“ಮೋರೆ ನೋಡ್ರೀ, ಉಪ್ಪು ಕಮ್ಮಿಯಾಗಿದೆ!” ಅಂದ ದೊಡ್ಡಪ್ಪ.

ಹೆಣ್ಣಿನ ಸೋದರಮಾವ ಓಡಿಹೋಗಿ ಸಾರಿನ ಹಂಡೆಗೆ ಒಂದು ಬೊಗಸೆ ಉಪ್ಪು ಸುರಿದ. ಬೇಡ ಬೇಡ ಅಂತ ಕೈ ಆಡಿಸಿದೆ. ಬಾಯಿ ತುಂಬ ಅನ್ನ, ನುಂಗುವ ಹಾಗಿಲ್ಲ, ಮಾತಾಡುವ ಹಾಗಿಲ್ಲ. “ಇನ್ನೂ ಬೇಕಂತೆ!” ಅಂತ ಗಂಡಿನ ಕಡೆಯವರೊಬ್ಬರು ಇನ್ನೊಂದು ಬೊಗಸೆ ಹಾಕಿದರು. ನಾನು ನೆಲ ಗುದ್ದಿದೆ. ಮೂರನೆಯದೂ ಬಿತ್ತು. ಅಂತೂ ನುಂಗಿ, “ಸಾರು ಚೆನ್ನಾಗೇ ಇತ್ತಲ್ರೋ!” ಅಂತ ಅರಚುವಷ್ಟರಲ್ಲಿ ಬಡಿಸಿ ಆಗಿತ್ತು.

ಒಂದೇ ತುತ್ತು. ಪಂಕ್ತಿಯವರೆಲ್ಲ ಕೈ ಹಿಂದೆ ಎಳೆದುಕೊಂಡು ನೀರಿಗೆ ಕೂಗತೊಡಗಿದರು. ದೊಡ್ಡಪ್ಪ ಎರಡು ಚೊಂಬು ನೀರು ಕುಡಿದು, ನನ್ನತ್ತ ಬಹಳ ಕನಿಕರದಿಂದ ನೋಡಿ, ಪಕ್ಕದವನಿಗೆ ಹೇಳಿದ:

“ಪಾಪ ಕಣ್ರೀ, ಸುಳ್ಳು ಹೇಳಿಲ್ಲ ಆತ. ತಾನು ಮಾಡಿದ್ದೇ ಉಂಡೂ ಉಂಡೂ ಹೊಟ್ಟೆ ಕೊಯ್ಸಿಕೊಂಡಿದಾನೆ!”