ವಿಲ್ಫನ ಸ್ಟೇರಿಂಗ್ ತಾನೇ ನೆಟ್ಟಗಾದದ್ದು

ಎಡ ಯಾವುದು, ಬಲ ಯಾವುದು ಎಂಬ ವಿಷಯದಲ್ಲಿ ನನ್ನೆದುರು ಯಾರೂ ತುಟಿ ಬಿಚ್ಚುವ ಹಾಗಿರಲಿಲ್ಲ! ಹದಿನೈದಕ್ಕೇ ಶಾಲೆ ಬಿಟ್ಟವಳು ನಾನು. ಭಾಗಾಕಾರ ಬಾರದು, ನಕ್ಷೆ ಓದಲು ಬಾರದು. ಆದರೆ ಇಂಗ್ಲೆಂಡಿನ ಬೇಕಪ್ ಎಂಬ ನಮ್ಮೂರಿನ ಚಪ್ಪಲಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಒಂದೇ ಬೆಂಚಿನ ಮುಂದೆ ನಿಂತು, ಎಡಗಾಲಿನ ಚಪ್ಪಲಿಗೆ ಬಲಗಾಲಿನದನ್ನು ಹುಡುಕಿ ಜೋಡಿ ಮಾಡಿದವಳು. ನಾನು ಕೂಡಿಸಿದಷ್ಟು ಜೋಡಿಗಳನ್ನು ನಮ್ಮ ಪಾದ್ರಿಯೂ ಕೂಡಿಸಿರಲಾರರು!

ಆದ್ದರಿಂದ ನನ್ನ ಗಂಡ ವಿಲ್ಫ್ ಎರಡು ಕಬ್ಬಿಣದ ತೋಳುಗಳನ್ನು ಅಡುಗೆಮನೆಗೆ ತಂದು, "ಥೆಲ್ಮಾ, ಚೀಟಿ ಓದಿ ಇದರಲ್ಲಿ ಎಡದ್ದು ಯಾವುದು ಹೇಳು, ನಂಗೆ ಕಾಣಿಸ್ತಿಲ್ಲ" ಎಂದಾಗ ಎದೆಯುಬ್ಬಿಸಿ ಹೇಳಿದೆ:

"ಎಡಬಲದ ಖಾತೆ ಇನ್ಮೇಲೆ ನಂದು. ನೀನು ಬೋಲ್ಟು ತಿರುಗಿಸು, ಸಾಕು."

ವಿಲ್ಫ್ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು. ನಿವೃತ್ತನಾದ ಮಾರನೆಯ ದಿನವೇ ಮನೆ ಬಾಗಿಲಿಗೆ ಹನ್ನೊಂದು ಪೆಟ್ಟಿಗೆ ಬಂದಿಳಿದವು. ಅವುಗಳೊಳಗೆ ಒಂದು ಕಾರು ಇತ್ತು, ಬಿಡಿಬಿಡಿಯಾಗಿ! ಮನೆಯಲ್ಲೇ ಜೋಡಿಸಿಕೊಳ್ಳಬೇಕು. ಆರು ವರ್ಷ ಗ್ಯಾರೇಜಿನಲ್ಲಿ ಅವನು ಜೋಡಿಸಿದ, ನಾನು ಚಹಾ ಮಾಡಿದೆ. ಅಷ್ಟರಲ್ಲಿ ಅವನ ಕಣ್ಣುಗಳ ನಡುಮಧ್ಯೆ ಮಂಜು ಕವಿಯತೊಡಗಿತು. ಈ ಬೇಸಿಗೆ ಕಾರು ಓಡಿಸಬಹುದು, ಮುಂದಿನ ಬೇಸಿಗೆಯ ಮಾತು ಬೇಡ ಎಂದರು ಡಾಕ್ಟರು. ಆಗಸ್ಟಿನಲ್ಲಿ ನಮ್ಮ ಮದುವೆಗೆ ಐವತ್ತು ತುಂಬುತ್ತಿತ್ತು. ಮದುವೆಯಾದ ಹೊಸತರಲ್ಲಿ ಮೋರ್ಕಮ್ ಕಡಲತೀರಕ್ಕೆ ಬಸ್ಸಿನಲ್ಲಿ ಹೋಗಿದ್ದೆವು. ಈ ಸಲ ಅವನೇ ಕಟ್ಟಿದ ಕಾರಿನಲ್ಲಿ, ಅವನೇ ಓಡಿಸಿಕೊಂಡು ನನ್ನನ್ನು ಅಲ್ಲಿಗೆ ಕರೆದೊಯ್ಯಬೇಕು. ವಿಲ್ಫನಿಗೆ ಬೇಕಾಗಿದ್ದುದು ಅಷ್ಟೇ.

ಈಗ ತೋಳುಗಳಿಗೆ ಬರುತ್ತೇನೆ. ಮುಂದಿನ ಚಕ್ರವನ್ನು ಮೇಲುಗಡೆಯಿಂದ ಹಿಡಿದುಕೊಳ್ಳುವ ತೋಳು ಅದು, ಎಡಕ್ಕೊಂದು ಬಲಕ್ಕೊಂದು. ಕಪ್ಪು ಬಣ್ಣ ಬಳಿದು ಒಣಗಲು ಕೊಟ್ಟಿದ್ದ. ನಮ್ಮೂರಿನ ಹವೆಯಲ್ಲಿ ಒಗೆದ ಕರವಸ್ತ್ರವೇ ಒಣಗುವುದಿಲ್ಲ, ಬಣ್ಣ ಒಣಗೀತೇ? ಭಾನುವಾರದ ಮಾಂಸ ಬೇಯಿಸುವ ಓವನ್ನಿಗೇ ತಳ್ಳಿದೆ! ಬಣ್ಣ ಒಣಗಿತು. ತೋಳುಗಳಿಗೆ ಕಟ್ಟಿದ್ದ ಎಡಬಲದ ಚೀಟಿಗಳು ನಾನು ಓದುವ ಮೊದಲೇ ಸುಟ್ಟು ಬೂದಿಯಾದವು. ಎರಡು ವಾರ ನಮ್ಮ ಪುಡಿಂಗ್ ಬಣ್ಣದಂಗಡಿಯ ರುಚಿ ಕೊಟ್ಟಿತು.

ನಾನೇನೂ ಕಂಗೆಡಲಿಲ್ಲ. ಒಮ್ಮೆ ನೋಡಿದೆ, "ಇದು ಎಡ, ಇದು ಬಲ" ಎಂದು ಕೈಗಿತ್ತೆ.

ವಿಲ್ಫ್ ತಡವಿ ನೋಡಿದ. "ಕೈಗೆ ಯಾಕೋ ಒಂಥರಾ ಅನ್ಸುತ್ತಲ್ಲ."

"ನಿನ್ನ ಕೈಗೆ ವಯಸ್ಸಾಗಿದೆ."

ಬಾಯಿ ಮುಚ್ಚಿಕೊಂಡು ಜೋಡಿಸಿದ.

ಜೂನ್‌ನಲ್ಲಿ ಸರಕಾರಿ ಪರೀಕ್ಷೆಗೆ ಕಾರು ಒಯ್ದೆವು; ಅದರಲ್ಲಿ ಪಾಸಾಗದೆ ಮನೆಯಲ್ಲಿ ಕಟ್ಟಿದ ಕಾರಿನಲ್ಲಿ ಊರು ಸುತ್ತುವ ಹಾಗಿಲ್ಲ. ಪರೀಕ್ಷಕ ಬಹಳ ಮರ್ಯಾದಸ್ಥ. ಅಂಗಳದಲ್ಲಿ ನಿಧಾನವಾಗಿ ಕಾರು ತಿರುಗಿಸಿ, ಸ್ಟೇರಿಂಗಿನಿಂದ ಎರಡೂ ಕೈ ತೆಗೆದ. ಕಾರು ಸುತ್ತಿತು. ಸುತ್ತುತ್ತಲೇ ಇತ್ತು. ಬಾಲ ಹಿಡಿಯಲು ಹೊರಟ ನಾಯಿಯ ಹಾಗೆ!

"ಕೈ ಬಿಟ್ಟರೆ ಸ್ಟೇರಿಂಗ್ ತಾನಾಗಿಯೇ ನೆಟ್ಟಗಾಗಬೇಕು, ಸಾರ್. ಇದು ಆಗ್ತಿಲ್ಲ."

"ಇನ್ನೊಂದು ಸಲ ನೋಡಿ," ಎಂದ ವಿಲ್ಫ್.

"ಇನ್ನೊಂದು ಸಲ ನೋಡಿದ್ರೆ ನಂಗೆ ವಾಂತಿಯಾಗುತ್ತೆ, ಸಾರ್."

ಫೇಲು! ಮರಳಿ ಬರುವಾಗ ವಿಲ್ಫನ ಮುಖ ನೋಡಲಾಗದೆ ನಗಿಸಲು ನೋಡಿದೆ. "ಐವತ್ತು ವರ್ಷದಿಂದ ನಿನ್ನನ್ನೇ ನೆಟ್ಟಗೆ ಮಾಡೋಕೆ ನನ್ನ ಕೈಲಾಗಿಲ್ಲ. ನೀನು ಕಟ್ಟಿದ ಕಾರು ಹ್ಯಾಗಾದೀತು?" ಅವನು ನಗಲಿಲ್ಲ.

ಆಮೇಲೆ ಶುರುವಾಯಿತು ಪಂಡಿತರ ದಂಡಯಾತ್ರೆ. ಕಾರು ಕಟ್ಟುವವರ ಸಂಘದಿಂದ ಡೆರಿಕ್ ಬಂದು ಚಕ್ರದ ಗಾಳಿ ಇಳಿಸಿದ. ಇನ್ನೊಬ್ಬ ಬಂದು ಏರಿಸಿದ. ನನ್ನ ಹಸಿರು ಉಲ್ಲನ್ ದಾರವನ್ನು ಕಾರಿನ ಸುತ್ತ ಬಿಗಿದು ಅಳೆದರು. ಅದು ಸ್ವೆಟರಿನ ತೋಳಾಗಬೇಕಿದ್ದ ದಾರ. ಎಲ್ಲರೂ ನನ್ನ ಶುಂಠಿ ಕೇಕು ತಿಂದರು, ಸ್ಟೇರಿಂಗ್ ಮಾತ್ರ ಜಗ್ಗಲಿಲ್ಲ. ಒಂದು ದಿನ ಡೆರಿಕ್ ನನಗೂ ಪಾಠ ಹೇಳಿದ. "ನೋಡು ಚಿನ್ನ, ಚಕ್ರದ ಮೇಲ್ತುದಿ ಒಂಚೂರು ಹಿಂದಕ್ಕೆ ವಾಲಿರ್ಬೇಕು. ಆಗ ಚಕ್ರ ತನ್ನ ಕೀಲಿನ ಹಿಂದೆಹಿಂದೆ ಬರುತ್ತೆ, ತಾನೇ ನೆಟ್ಟಗಾಗುತ್ತೆ."

"ನಂಗ್ಯಾಕೆ ಹೇಳ್ತೀಯ, ಚಕ್ರಕ್ಕೆ ಹೇಳು," ಎಂದೆ.

ಜುಲೈ ಬಂತು. ಒಂದು ಬುಧವಾರ ಸೂಪರ್ ಮಾರ್ಕೆಟಿನಲ್ಲಿ ಟ್ರಾಲಿ ತಳ್ಳುತ್ತಿದ್ದೆ. ಬಟಾಣಿ ಡಬ್ಬಗಳ ಓಣಿಯಲ್ಲಿ ಅದು ಸಿಕ್ಕಿಕೊಂಡಿತು. ಹಿಂದಕ್ಕೆ ಎಳೆದೆ. ಅಷ್ಟು ಹೊತ್ತು ಮಗುವಿನ ಹಾಗೆ ಹಿಂದೆ ಬರುತ್ತಿದ್ದ ಪುಟ್ಟ ಚಕ್ರಗಳು ಥಟ್ಟನೆ ಒದ್ದಾಡಿ ಗಿರಕ್ಕನೆ ಅಡ್ಡ ತಿರುಗಿದವು. ಮುಂದಕ್ಕೆ ತಳ್ಳಿದರೆ ಮತ್ತೆ ಸಾಧು. ಹಿಂದಕ್ಕೆ ಎಳೆದರೆ ಮತ್ತೆ ಹುಚ್ಚು!

"ಇಲ್ಲೇ ಮನೆ ಮಾಡ್ಕೊಂಡು ಇರ್ತೀರಾ, ಹೇಗೆ?" ಎಂದಳು ಹಿಂದೆ ನಿಂತಿದ್ದವಳು.

ನನ್ನ ಕಣ್ಣೆಲ್ಲ ಆ ಚಕ್ರಗಳ ಮೇಲೆ. ನಮ್ಮ ಕಾರು ಹಿಂದಕ್ಕೆ ಎಳೆದ ಟ್ರಾಲಿ! ಹಿಂದಕ್ಕೆ ವಾಲಬೇಕಾದದ್ದು ಮುಂದಕ್ಕೆ ವಾಲಿದೆ. ತೋಳಿಗೆ ಒಂದು ಕಡೆ ಬಾಗು ಇದೆ; ಹಾಗಾಗಬೇಕಾದರೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಅದಲುಬದಲಾಗಿರಬೇಕು. ಎಡಬಲದ ಖಾತೆ ಯಾರದು?

ಕಾರ್ಖಾನೆಯಲ್ಲಿ ಚಪ್ಪಲಿಗಳು ಬೋರಲಾಗಿ ಬರುತ್ತಿದ್ದವು, ಅಡಿ ಮೇಲೆ. ಬೋರಲು ಇದ್ದಾಗ ಎಡಕ್ಕೆ ಬಾಗಿದ್ದು ಎಡಗಾಲಿನದು; ನೆಟ್ಟಗಿಟ್ಟರೆ ಅದೇ ಬಲಕ್ಕೆ ಬಾಗುತ್ತದೆ. ಮೂವತ್ತೊಂದು ವರ್ಷ ಕೈ ಕಲಿತದ್ದು ಅದನ್ನೇ. ಅಡುಗೆಮನೆಯ ಮೇಜಿನ ಮೇಲೆ ತೋಳುಗಳು ನೆಟ್ಟಗೆ ಮಲಗಿದ್ದವು. ನನ್ನ ಕೈ ಮಾತ್ರ ಬೆಂಚಿನ ಮುಂದೆಯೇ ನಿಂತಿತ್ತು!

ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಮಾರನೆಯ ದಿನ ಡೆರಿಕ್ ವಿಲ್ಫನನ್ನು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗುವವನಿದ್ದ. ಅಷ್ಟರಲ್ಲಿ ಗುಟ್ಟಾಗಿ ಬದಲಿಸಿಬಿಡೋಣ, ಪವಾಡವೆಂದು ತಿಳಿದುಕೊಳ್ಳಲಿ ಎಂದು ಲೆಕ್ಕ ಹಾಕಿದೆ.

ಅವರು ಹೊರಟಿದ್ದೇ ಏಪ್ರನ್ ಕಟ್ಟಿಕೊಂಡು ಗ್ಯಾರೇಜಿಗಿಳಿದೆ. ಜಾಕಿ ಕೊಟ್ಟೆ, ಚಕ್ರ ಬಿಚ್ಚಿದೆ, ಲಟ್ಟಣಿಗೆಯಿಂದ ಬಡಿಬಡಿದು ತೋಳು ಕಳಚಿದೆ. ಕಳಚಿದ್ದೇ ತಡ, ಅದು ಹಿಡಿದುಕೊಂಡಿದ್ದ ಕಬ್ಬಿಣದ ರಾಶಿಯೆಲ್ಲ ನನ್ನ ಮೈಮೇಲೆ ಒರಗಿತು! ಬಿಟ್ಟರೆ ಬ್ರೇಕಿನ ಪೈಪು ಹರಿಯುತ್ತದೆ. ತಬ್ಬಿಕೊಂಡು ಕುಳಿತೆ. ಹಾಗೆ ಎಷ್ಟು ಹೊತ್ತು ಕುಳಿತಿದ್ದೆನೋ! ಮದುವೆಯಾದ ಹೊಸತರಲ್ಲೂ ವಿಲ್ಫನನ್ನು ಅಷ್ಟು ಹೊತ್ತು ತಬ್ಬಿಕೊಂಡಿದ್ದಿಲ್ಲ.

ಬಾಗಿಲಲ್ಲಿ ನೆರಳು ಕಂಡಿತು.

"ಥೆಲ್ಮಾ? ಏನ್ಮಾಡ್ತಿದೀಯ?"

"ಧೂಳು ಹೊಡೀತಿದೀನಿ."

"ಚಕ್ರ ಬಿಚ್ಚಿ?"

"ಸಂದಿಗೊಂದಿಲೆಲ್ಲ ಕೂತಿರುತ್ತಲ್ಲ."

ವಿಲ್ಫ್ ತಡವರಿಸುತ್ತಾ ಒಳಗೆ ಬಂದ. ನೆಲದ ಮೇಲಿದ್ದ ತೋಳು ಅವನ ಕೈಗೆ ಸಿಕ್ಕಿತು. ಬೆರಳಾಡಿಸಿದ. ಒಮ್ಮೆ ಮಗುಚಿದ, ಮತ್ತೆ ಮಗುಚಿದ. ಆಮೇಲೆ ಮೊಣಕಾಲೂರಿ ನನ್ನ ತೆಕ್ಕೆಯಿಂದ ಆ ಭಾರವನ್ನು ತಾನು ತೆಗೆದುಕೊಂಡ.

"ಹದಿನೇಳರ ಸ್ಪ್ಯಾನರ್ ತಗೋ. ನಿನ್ನ ಕೈಲಿರೋದು ಹದಿನೈದರದ್ದು."

"ಡಾಕ್ಟರು ಏನಂದ್ರು?"

"ಸೆಪ್ಟೆಂಬರ್ ತನಕ ಓಡಿಸ್ಬಹುದು ಅಂದ್ರು."

ಸಂಜೆಯವರೆಗೆ ಎರಡೂ ಕಡೆ ಬದಲಿಸಿದೆವು. ಯಾಕೆ ಎಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಹಿಂದಿನ ಗಲ್ಲಿಯಲ್ಲಿ ಕಾರು ತಿರುಗಿಸಿ ಅವನು ಹಿಡಿತ ಸಡಿಲಿಸಿದ. ಸ್ಟೇರಿಂಗ್ ಅವನ ಅಂಗೈಗಳ ನಡುವೆ ಮೆತ್ತಗೆ ಜಾರಿ ತಾನೇ ನೆಟ್ಟಗೆ ನಿಂತಿತು. ಅವನು ಅದನ್ನೇ ಏಳೆಂಟು ಸಲ ಮಾಡಿದ.

ಎರಡನೆಯ ಪರೀಕ್ಷೆಯಲ್ಲಿ ಪಾಸು! ಆಗಸ್ಟಿನಲ್ಲಿ ಮೋರ್ಕಮ್! ಚಾವಣಿಯಿಲ್ಲದ ಕಾರು, ದಾರಿಯುದ್ದಕ್ಕೂ ಮಳೆ. ವಿಲ್ಫನಂತೂ ರಾಜನ ಹಾಗೆ ಕುಳಿತು ಓಡಿಸಿದ. ಕಡಲಿನ ಮುಂದೆ ಕಾರು ನಿಲ್ಲಿಸಿ ಕಾಗದದ ಪೊಟ್ಟಣದಿಂದ ಮೀನು, ಆಲೂಗಡ್ಡೆ ತಿನ್ನುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ.

"ವಿಲ್ಫ್, ಆ ತೋಳು ತಿರುವುಮುರುವು ಮಾಡಿದ್ದು ನಾನೇ."

"ಗೊತ್ತು. ಅವತ್ತು ಕೈಗೆ ಸಿಕ್ಕಾಗಲೇ ಗೊತ್ತಾಯ್ತು."

"ಮತ್ಯಾಕೆ ಬಾಯಿ ಬಿಡಲಿಲ್ಲ?"

"ಧೂಳು ಹೊಡೀತಿದೀನಿ ಅಂದೆಯಲ್ಲ." ಆಲೂಗಡ್ಡೆಗೆ ಇನ್ನಷ್ಟು ವಿನೆಗರ್ ಸುರಿದುಕೊಂಡ. "ಅಲ್ದೆ, ನಂಗೇನು ಹೊಸದೇ? ಎಂಬತ್ನಾಲ್ಕರ ಕ್ರಿಸ್‌ಮಸ್ಸಿಗೆ ಕಾರ್ಖಾನೆಯಿಂದ ಚಪ್ಪಲಿ ತಂದುಕೊಟ್ಟೆಯಲ್ಲ, ಚೌಕುಳಿಯದ್ದು? ಎರಡೂ ಎಡಗಾಲಿನವು."

"ಸುಳ್ಳು! ನಾಲ್ಕು ವರ್ಷ ಹಾಕ್ಕೊಂಡು ಓಡಾಡಿದೀಯ!"

"ಮೊದಲು ಒಂದು ತಿಂಗಳು ಕಾಲು ಎಡಕ್ಕೇ ಎಳೀತಿತ್ತು. ಆಮೇಲೆ ನಡೀತಾ ನಡೀತಾ ತಾನೇ ನೆಟ್ಟಗಾಯ್ತು."

ನಾನು ನಂಬಲಿಲ್ಲ. ನನ್ನನ್ನು ರೇಗಿಸಲು ಕಟ್ಟಿದ ಕತೆ ಎಂದುಕೊಂಡೆ.

ವಿಲ್ಫ್ ಹೋಗಿ ಈಗ ಒಂಬತ್ತು ವರ್ಷ. ಕಾರು ಡೆರಿಕ್‌ನ ಹತ್ತಿರ ಇದೆ; ಪ್ರತಿ ಆಗಸ್ಟಿನಲ್ಲಿ ನನ್ನನ್ನು ಕೂರಿಸಿಕೊಂಡು ಮೋರ್ಕಮ್‌ಗೆ ಹೋಗುತ್ತಾನೆ. ಕಳೆದ ವಾರ ಗ್ಯಾರೇಜು ಗುಡಿಸುವಾಗ ಬಣ್ಣದ ಡಬ್ಬಗಳ ಹಿಂದೆ ಆ ಚೌಕುಳಿ ಚಪ್ಪಲಿಗಳು ಸಿಕ್ಕಿದವು. ಅಡಿ ಮೇಲೆ ಮಾಡಿ ನೋಡಿದೆ. ಎರಡಕ್ಕೂ ಎಡಗಾಲಿನ ಮುದ್ರೆ ಇತ್ತು. ಆದರೆ ಅದರಲ್ಲೊಂದು ಸವೆದು, ಹಿಗ್ಗಿ, ಬಾಗಿ, ಬಲಗಾಲಿನದೇ ಆಗಿಬಿಟ್ಟಿತ್ತು. ಆ ಮುದ್ರೆಯೊಂದು ಕಾಣದಿದ್ದರೆ, ನನ್ನ ಬೆಂಚಿನ ಮೇಲೆ ಬಂದಿದ್ದರೂ ಸರಿಯಾದ ಜೋಡಿಯೆಂದೇ ಪೆಟ್ಟಿಗೆಗೆ ಹಾಕುತ್ತಿದ್ದೆ.