ಬೀಗದೊಳಗಿನ ಕಂಪ್ಯೂಟರಿಗೆ, ನಲವತ್ತನೇ ಪುಟದ ವಿಚಾರವಾಗಿ

ಮಾನ್ಯ ಕಂಪ್ಯೂಟರ್ ಅವರೇ,

ಹಳೇಕೋಟೆ ಹೋಬಳಿಯ ಈ ಸಣ್ಣ ಆಸ್ಪತ್ರೆಯ ನರ್ಸ್ ಪ್ರೇಮಕುಮಾರಿ ಮಾಡುವ ಸಾಷ್ಟಾಂಗ ನಮಸ್ಕಾರಗಳು. 2008ರ ಈ ಸುಡುಬೇಸಿಗೆಯಲ್ಲೂ ತಾವು ಹೂವಿನ ಚಿತ್ರದ ಹೊದಿಕೆಯೊಳಗೆ, ಸ್ವಿಚ್ಚು ಒಳಗಡೆಯೇ ಉಳಿದಿರುವುದರಿಂದ ಆರಿಸುವವರಿಲ್ಲದ ಫ್ಯಾನಿನ ಕೆಳಗೆ, ಸುಖವಾಗಿದ್ದೀರೆಂದು ಕಿಟಕಿಯ ಸಂದಿಯಿಂದ ನೋಡಿ ಸಂತೋಷಪಟ್ಟೆ. ಊರವರೂ ಓದಲೆಂದು ಈ ಪತ್ರವನ್ನು ತಮ್ಮ ಬಾಗಿಲಿಗೇ ಅಂಟಿಸುತ್ತಿದ್ದೇನೆ.

ಮನೆಯಲ್ಲಿ ಏಟು ತಿನ್ನುವ ಮಗುವನ್ನು ಯಾವ ಆಸ್ಪತ್ರೆಗೆ ತೋರಿಸಿದರೂ ಎಲ್ಲ ಕಡೆಯ ವಿವರ ಒಂದೇ ಕಡೆ ಸಿಗಲಿ ಎಂಬ ಘನ ಉದ್ದೇಶದಿಂದ ತಾವು ಬಂದು ಹನ್ನೊಂದು ತಿಂಗಳಾಯಿತು. ಅಂದಿನಿಂದ ತಾಂತ್ರಿಕ ಸಿದ್ಧತೆ ನಡೆದೇ ಇದೆ. ಹೆರಿಗೆ ಕೋಣೆಯ ಫ್ಯಾನು ತಮ್ಮ ಪಾಲಾಯಿತು. ಧೂಳು ತಮಗೆ ಆಗಿಬರುವುದಿಲ್ಲವೆಂದು ಬಾಗಿಲ ಕೆಳಗೆ ಗೋಣಿತಾಟು ತುರುಕಿದೆವು. ಕರೆಂಟು ನೆಲಕ್ಕಿಳಿಯಲು ತಮಗೆ ಅರ್ಥಿಂಗ್ ಬೇಕೆಂದಾಗ ನಮ್ಮ ಆಯಾ ದೊಡ್ಡತಾಯಮ್ಮ ಹಾರೆ ಹಿಡಿದು ಸೊಂಟದುದ್ದ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಇವತ್ತಿಗೂ ಅದಕ್ಕೆ ದಿನಕ್ಕೆರಡು ಬಿಂದಿಗೆ ನೀರು ಹುಯ್ಯುತ್ತಾಳೆ. ಗುಂಡಿಯ ಸುತ್ತ ದಂಟಿನ ಸೊಪ್ಪು ಸೊಗಸಾಗಿ ಬಂದಿದೆ. ಈ ಯೋಜನೆಯಿಂದ ಜನರ ಕೈಗೆ ಸಿಕ್ಕಿರುವುದು ಸದ್ಯಕ್ಕೆ ಅದೊಂದೇ. "ಸೊಪ್ಪೇನೋ ಬಂತು ಕಣವ್ವ, ಒಳಗಿರೋದು ಯಾವಾಗ ಕಣ್ಬುಡ್ತದೆ" ಎಂದು ಆಕೆ ದಿನಾ ಕೇಳುತ್ತಾಳೆ.

ಆಯುಧಪೂಜೆಯ ದಿನ ತಮ್ಮ ಕೀಬೋರ್ಡಿಗೆ ಧಾರಾಳವಾಗಿ ಕುಂಕುಮ ಏರಿಸಿದ್ದು ಮಾತ್ರ ನಮ್ಮದೇ ತಪ್ಪು. ಅದನ್ನು ಹಾಸನಕ್ಕೆ ಕಳಿಸಿ ಶುದ್ಧಿ ಮಾಡಿಸುವಷ್ಟರಲ್ಲಿ ಎರಡು ತಿಂಗಳು ಕಳೆಯಿತು.

ಈಗ ನನ್ನ ಅಹವಾಲು. ತಮಗಿಂತ ಮುಂಚೆ ತಮ್ಮ ಕೆಲಸವನ್ನು ಇನ್ನೂರು ಪುಟದ ಒಂದು ನೋಟ್‌ಬುಕ್ಕು ಮಾಡುತ್ತಿತ್ತು. ಮೀಟಿಂಗಿಗೆ ಹೋದಲ್ಲೆಲ್ಲ ಬೇರೆ ಊರಿನ ನರ್ಸುಗಳನ್ನು ಕೇಳಿ ಕೇಳಿ ನಾನೇ ಬರೆದದ್ದು. ಅದರ ನಲವತ್ತನೇ ಪುಟದಲ್ಲಿ ಆರು ವರ್ಷದ ಒಂದು ಹೆಣ್ಣುಮಗುವಿದೆ; ಹೆಸರು ಹೇಳುವಂತಿಲ್ಲ. ನಮ್ಮಲ್ಲಿಗೆ ತುಟಿ ಒಡೆದುಕೊಂಡು ಬಂತು. ಹೊಳೆನರಸೀಪುರದ ಒಂದು ನರ್ಸಿಂಗ್ ಹೋಮಿಗೆ ಮುಂಗೈ ಮುರಿದುಕೊಂಡು ಹೋಯಿತು, ಅರಕಲಗೂಡಿನ ಒಂದು ಕ್ಲಿನಿಕ್ಕಿಗೆ ಬೆನ್ನ ತುಂಬ ಬಾಸುಂಡೆ ಹೊತ್ತುಕೊಂಡು. ಮೂರೂ ಕಡೆ ಅಪ್ಪ "ಜಾರ್ಬಿದ್ಲು ಸಾ" ಎಂದ, ಮೂರೂ ಕಡೆ ಚೀಟಿಯಲ್ಲಿ ಅದನ್ನೇ ಬರೆದುಕೊಂಡರು. ನಮ್ಮಲ್ಲಿ ಬರೆದವಳು ನಾನೇ, ಅದು ನನ್ನನ್ನು ಇನ್ನೂ ಚುಚ್ಚುತ್ತಿದೆ.

ತಮ್ಮ ಉಸ್ತುವಾರಿ ಅಧಿಕಾರಿ ಚಂದ್ರಶೇಖರಯ್ಯನವರು ಹೋದ ತಿಂಗಳು ಆ ನೋಟ್‌ಬುಕ್ಕನ್ನು ತಮ್ಮೊಳಗೆ ತುಂಬಿಸಬೇಕೆಂದು ಇಸಿದುಕೊಂಡು, ತಮ್ಮ ಮೇಜಿನ ಮೇಲಿಟ್ಟು, ಉದ್ಘಾಟನೆಗೆ ಮೊದಲು ಯಾರೂ ಮುಟ್ಟಕೂಡದೆಂದು ಬೀಗ ಜಡಿದು, ತಮ್ಮನ್ನು ತೆರೆಯುವುದು ಹೇಗೆಂಬ ತರಬೇತಿಗೆ ಬೀಗದ ಕೈ ಸಮೇತ ತೆರಳಿದ್ದಾರೆ.

ಹೋದ ಮಂಗಳವಾರ ಆ ಮಗು ನಾಲ್ಕನೇ ಸಲ ಏಟು ತಿಂದು ಮತ್ತೆ ನಮ್ಮಲ್ಲಿಗೇ ಬಂತು. ಈ ಸಲ ನಾನು ಮನೆಗೆ ಕಳಿಸಗೊಡಲಿಲ್ಲ. ಈಗ ಚನ್ನರಾಯಪಟ್ಟಣದಲ್ಲಿ ಅಜ್ಜಿಯ ಹತ್ತಿರ ಇದೆ. ಸೋಮವಾರ ಹಾಸನದಲ್ಲಿ ಮಕ್ಕಳ ಕಲ್ಯಾಣ ಸಮಿತಿಯವರ ವಿಚಾರಣೆ. ಹಿಂದಿನ ಮೂರು ಸಲದ ತಾರೀಖು ತೋರಿಸಿದರೆ ಅಜ್ಜಿಯ ಹತ್ತಿರವೇ ಉಳಿಯುತ್ತದೆ, ಇಲ್ಲವಾದರೆ ಅಪ್ಪನ ಜೊತೆ ವಾಪಸ್ಸು. ಚೀಟಿಗಳೆಲ್ಲ ಅಪ್ಪನ ಕೈಯಲ್ಲಿವೆ; ತಾರೀಖುಗಳು ತಮ್ಮ ಎದುರಿಗಿನ ನೋಟ್‌ಬುಕ್ಕಿನಲ್ಲಿ ಮಾತ್ರ ಇವೆ. ನನಗೆ ಭಯವಾಗಿದೆ, ಮುಚ್ಚಿಡುವುದಿಲ್ಲ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಹೊದಿಕೆ ಸರಿಸಿ ಎದ್ದು, ಫ್ಯಾನು ಆರಿಸಿ, ಗೋಣಿತಾಟು ಕಿತ್ತು, ನೋಟ್‌ಬುಕ್ಕನ್ನು ಬಾಗಿಲ ಕೆಳಗಿನಿಂದ ಈಚೆಗೆ ತಳ್ಳಬೇಕಾಗಿ ಪ್ರಾರ್ಥನೆ. ಕೈಕಾಲಿಲ್ಲವೆಂದು ನೆಪ ಹೇಳಬೇಡಿ. ಕೈಕಾಲಿದ್ದವರನ್ನೆಲ್ಲ ಕೇಳಿ ಸಾಕಾಗಿಯೇ ತಮ್ಮ ಹತ್ತಿರ ಬಂದಿದ್ದೇನೆ.

ಬಾಗಿಲ ಈಚೆಗಿರುವ,
ತಮ್ಮ ವಿಶ್ವಾಸಿ,
ಪ್ರೇಮಕುಮಾರಿ

ವಿ.ಸೂ.: ಗುಂಡಿ ತೋಡಿದ ಹಾರೆ ದೊಡ್ಡತಾಯಮ್ಮನ ಹತ್ತಿರವೇ ಇದೆ. ಸೋಮವಾರ ಹಾಸನದ ಮೊದಲ ಬಸ್ಸು ಹೊರಡುವ ಮುಂಚೆ ತಮ್ಮ ಬಾಗಿಲಿನ ಬೀಗ ನೆಲದ ಮೇಲೆ ಬಿದ್ದಿದ್ದರೆ ಗಾಬರಿಯಾಗಬೇಡಿ. ಕೇಳಿದವರಿಗೆ, ಜಾರಿ ಬಿತ್ತು ಎಂದು ಬರೆದುಕೊಡುತ್ತೇವೆ. ಆ ಮಾತನ್ನು ಈಗಾಗಲೇ ಮೂರು ಕಡೆ ನಂಬಿದ್ದಾರೆ.